ಸೌರ ಜ್ವಾಲೆ, ಕಾಂತ ಬಿರುಗಾಳಿ: ಮಂಗಳೂರು–ಉಡುಪಿಯವರು ಯಾವ ಪುಟ ನೋಡಬೇಕು, ಯಾವ ಆ್ಯಪ್ ಬಿಡಬೇಕು?

2024ರ ಮೇ 10ರಂದು ಮಧ್ಯಾಹ್ನ 12 ಗಂಟೆ 24 ನಿಮಿಷಕ್ಕೆ ಸೂರ್ಯನಲ್ಲಿ ಎಕ್ಸ್3.9 ಬಲದ ಜ್ವಾಲೆಯೊಂದು ತುತ್ತತುದಿ ಮುಟ್ಟಿತು. ಆ ಹೊತ್ತಿಗೆ ಮಂಗಳೂರಿನಲ್ಲಿ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇದ್ದ. ಅದೇ ರಾತ್ರಿ ಹತ್ತೂವರೆ ದಾಟುವಾಗ ಭೂಮಿಗೆ ಕಾಂತ ಬಿರುಗಾಳಿ ಬಡಿಯಿತು. 2003ರ ಅಕ್ಟೋಬರ್ ನಂತರ ಬಂದ ಮೊದಲ ಜಿ5, ಅಂದರೆ ಅತಿ ಮೇಲಿನ ದರ್ಜೆಯ ಬಿರುಗಾಳಿ ಅದು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋ ಎಲ್ಲರ ಮೊಬೈಲಿಗೂ ಬಂತು. ವಾರವಿಡೀ ಸುದ್ದಿಯಲ್ಲಿದ್ದದ್ದು ರಾತ್ರಿಯ ಬಿರುಗಾಳಿಯೇ. ಮಧ್ಯಾಹ್ನದ ಜ್ವಾಲೆಯನ್ನು ಕೇಳಿದವರಿಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಕೂತು ಶಾರ್ಟ್‌ವೇವ್ ರೇಡಿಯೋ ಕೇಳುವವನಿಗೆ ಆ ದಿನ ನೇರವಾಗಿ ತಟ್ಟುವುದು ಮಧ್ಯಾಹ್ನದ್ದೇ. ಬಿರುಗಾಳಿಯ ರಾತ್ರಿ ಧ್ರುವಗಳ ಕಡೆಯ ಆಕಾಶದಲ್ಲಿ ಬಣ್ಣದ ಬೆಳಕು ಮೂಡುತ್ತದಲ್ಲ, ಆ ಧ್ರುವಪ್ರಭೆ ಇಲ್ಲಿಂದ ಕಾಣುವುದಿಲ್ಲ. ಹೆಚ್ಚಿನ ಆ್ಯಪ್‌ಗಳು ಹುಟ್ಟಿದ್ದು ಧ್ರುವಪ್ರಭೆ ನೋಡುವವರಿಗಾಗಿ. ನಾರ್ವೆಯವರಿಗೂ ಕೆನಡಾದವರಿಗೂ ಬೇಕಾದ ಅಂಕಿಯನ್ನು ದೊಡ್ಡದಾಗಿ ತೋರಿಸುತ್ತವೆ. ನಮಗೆ ಬೇಕಾದದ್ದು ಮೂಲೆಯಲ್ಲಿ ಎಲ್ಲೋ ಇರುತ್ತದೆ. ಹಾಗಾಗಿ "ಯಾವುದು ಒಳ್ಳೆಯ ಆ್ಯಪ್" ಎಂದು ಕೇಳುವ ಮೊದಲು "ನನ್ನ ಕೆಲಸ ಏನು, ಈಗ ಗಂಟೆ ಎಷ್ಟು" ಎಂದು ಕೇಳಿಕೊಳ್ಳಬೇಕು. ಈ ಬರಹವನ್ನು ಆ ಲೆಕ್ಕದಲ್ಲೇ ಓದಿ.

ಮೊದಲು ಎರಡನ್ನು ಬೇರೆ ಮಾಡಿ

ಸೌರ ಜ್ವಾಲೆ ಅಂದರೆ ಬೆಳಕು. ಎಕ್ಸ್-ಕಿರಣ, ಅತಿನೇರಳೆ ಎಲ್ಲ ಸೇರಿ ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ತಲುಪುತ್ತದೆ. ಹಗಲಿರುವ ಕಡೆ ಮಾತ್ರ ಅದರ ಪರಿಣಾಮ. ಸಿಎಂಇ ಅಂದರೆ ಸೂರ್ಯನಿಂದ ಚಿಮ್ಮಿದ ಕಾಂತೀಯ ಪ್ಲಾಸ್ಮಾದ ಮುದ್ದೆ. ಅದು ಬರುವುದಕ್ಕೆ ಒಂದು ದಿನದಿಂದ ಮೂರ್ನಾಲ್ಕು ದಿನ ಬೇಕು. ತುಂಬ ವೇಗದ್ದಾದರೆ ಒಂದು ದಿನವೂ ಬೇಡ. ಅದು ಬಡಿದಾಗ ಏಳುವುದೇ ಕಾಂತ ಬಿರುಗಾಳಿ. ಅದಕ್ಕೆ ಹಗಲು ರಾತ್ರಿ ಎಂಬ ಭೇದ ಇಲ್ಲ.

ಜ್ವಾಲೆಯ ಬಲವನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ಬರೆಯುತ್ತಾರೆ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಏರಿಕೆ. ಎಕ್ಸ್2 ಅಂದರೆ ಎಕ್ಸ್1ರ ಎರಡರಷ್ಟು. ಬಿರುಗಾಳಿಗೆ ಜಿ1ರಿಂದ ಜಿ5. ಜ್ವಾಲೆಯಿಂದ ಶಾರ್ಟ್‌ವೇವ್ ಸೊರಗುವ ರೇಡಿಯೋ ಬ್ಲ್ಯಾಕೌಟಿಗೆ ಆರ್1ರಿಂದ ಆರ್5. ಎಂ1 ಆದರೆ ಆರ್1, ಎಂ5 ಆದರೆ ಆರ್2, ಎಕ್ಸ್1 ಆದರೆ ಆರ್3, ಎಕ್ಸ್10 ಆದರೆ ಆರ್4. ಇಷ್ಟು ಗೊತ್ತಿದ್ದರೆ ಯಾವ ಪುಟವನ್ನಾದರೂ ಓದಬಹುದು.

ಅಮೆರಿಕದ ಎಸ್‌ಡಬ್ಲ್ಯೂಪಿಸಿ: ಮೂಲಕ್ಕೇ ಹೋಗುವುದಾದರೆ

ಕೊಲರಾಡೋದ ಬೋಲ್ಡರ್‌ನಲ್ಲಿರುವ ಸ್ಪೇಸ್ ವೆದರ್ ಪ್ರಿಡಿಕ್ಷನ್ ಸೆಂಟರ್ ಅಮೆರಿಕದ ನೋವಾ ಸಂಸ್ಥೆಯದ್ದು. ನಿಮ್ಮ ಮೊಬೈಲಿನಲ್ಲಿರುವ ಹೆಚ್ಚಿನ ಆ್ಯಪ್‌ಗಳು ಅಂಕಿ ತರುವುದು ಇಲ್ಲಿಂದಲೇ. ಹಾಗಿದ್ದ ಮೇಲೆ ಅಲ್ಲಿಗೇ ಹೋಗುವುದು ವಾಸಿ, ಅಲ್ವಾ? ಜಾಹೀರಾತು ಇಲ್ಲ, ದುಡ್ಡು ಇಲ್ಲ. ನೋಟ ಮಾತ್ರ ಸರಕಾರಿ ಕಚೇರಿಯದ್ದು.

ಇಲ್ಲಿ ನೋಡಬೇಕಾದ್ದು ಮೂರೇ. ಒಂದು, ಗೋಸ್ ಉಪಗ್ರಹದ ಎಕ್ಸ್-ಕಿರಣ ಗ್ರಾಫ್. ಎರಡು ಗೆರೆಗಳಲ್ಲಿ ಮೇಲಿನದು ಜ್ವಾಲೆಯ ವರ್ಗ ಹೇಳುತ್ತದೆ. ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಎರಡು, ಡಿ-ರಾಪ್ ನಕ್ಷೆ. ಈಗ ಭೂಮಿಯ ಯಾವ ಭಾಗದಲ್ಲಿ ಎಷ್ಟು ಮೆಗಾಹರ್ಟ್ಸ್ ವರೆಗಿನ ರೇಡಿಯೋ ಸೊರಗಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಬಣ್ಣದ ದಟ್ಟ ಭಾಗ ಅರಬ್ಬಿ ಸಮುದ್ರದ ಮೇಲಿದ್ದರೆ ವಿಷಯ ನಮ್ಮದು. ಅಟ್ಲಾಂಟಿಕ್ ಮೇಲಿದ್ದರೆ ಬೇರೆಯವರದ್ದು. ಮೂರು, ಮೂರು ದಿನದ ಮುನ್ಸೂಚನೆ. ಇದು ಯುಟಿಸಿ (ಲೋಕಕ್ಕೆಲ್ಲ ಒಂದೇ ಆದ ಗಡಿಯಾರ) ಸಮಯ 00:30ಕ್ಕೂ 12:30ಕ್ಕೂ ಬರುತ್ತದೆ. ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಬೆಳಗಿನ ಚಾ ಕುಡಿಯುವಾಗ ಓದಿದರೆ ಹೊಸದೇ ಸಿಗುತ್ತದೆ.

ಇಮೇಲ್ ಸೂಚನೆಗೆ ಹೆಸರು ಕೊಡಬಹುದು. ಆಗ ಮೂರು ಬಗೆಯ ಸಂದೇಶ ಬರುತ್ತವೆ. ಇವನ್ನು ಒಂದೇ ಎಂದು ಓದಿದರೆ ಸುಮ್ನೆ ಗಾಬರಿ. ವಾಚ್ ಅಂದರೆ ಒಂದರಿಂದ ಮೂರು ದಿನದೊಳಗೆ ಬರಬಹುದು ಎಂಬ ಅಂದಾಜು. ವಾರ್ನಿಂಗ್ ಅಂದರೆ ಇನ್ನೇನು ಬರುತ್ತಿದೆ. ಅಲರ್ಟ್ ಅಂದರೆ ಬಂದಾಯಿತು, ಈಗ ನಡೆಯುತ್ತಿದೆ. ಕನ್ನಡ ಚಾನೆಲ್‌ಗಳಲ್ಲಿ ಮೂರೂ ಒಂದೇ ಕೆಂಪು ಪಟ್ಟಿಯಲ್ಲಿ ಓಡುತ್ತವೆ. ವಾಚ್ ಬಂದ ದಿನವೇ "ಇಂದು ರಾತ್ರಿ ಭೂಮಿಗೆ ಅಪ್ಪಳಿಸಲಿದೆ" ಎಂದು ಕೂಗಿದರೆ ಏನು ಹೇಳುವುದು ಮಾರಾಯ್ರೆ.

ಇನ್ನೊಂದು, ಎಲ್ಲ ಸಮಯವೂ ಯುಟಿಸಿ. ಐದೂವರೆ ಗಂಟೆ ಸೇರಿಸಿ ಓದಬೇಕು. ಸಂಜೆಯ ಸಂದೇಶಗಳಲ್ಲಿ ತಾರೀಕೇ ಬದಲಾಗುತ್ತದೆ. ಮೇ 10ರ 21:00 ಯುಟಿಸಿ ಅಂದರೆ ನಮಗೆ ಮೇ 11ರ ನಡುರಾತ್ರಿ ಎರಡೂವರೆ.

ಸ್ಪೇಸ್‌ವೆದರ್‌ಲೈವ್, ಸ್ಪೇಸ್‌ವೆದರ್ ಡಾಟ್ ಕಾಮ್

ಬೆಲ್ಜಿಯಂನ ಹವ್ಯಾಸಿಗಳ ಸ್ಪೇಸ್‌ವೆದರ್‌ಲೈವ್‌ಗೆ ಪುಟವೂ ಉಂಟು, ಆ್ಯಪ್ ಕೂಡ ಉಂಟು. ಮೊಬೈಲಿನಲ್ಲಿ ಒಂದೇ ಒಂದು ಆ್ಯಪ್ ಇಡುವುದಾದರೆ ಇದನ್ನೇ ಇಡಿ ಎನ್ನುತ್ತೇನೆ. ಜ್ವಾಲೆಗೆ ಬೇರೆ, ಬಿರುಗಾಳಿಗೆ ಬೇರೆ ನೋಟಿಫಿಕೇಶನ್ ಇಡಬಹುದು. ಹಳೆಯ ದಿನಗಳ ಮಾಹಿತಿಯೂ ಅಚ್ಚುಕಟ್ಟಾಗಿದೆ. "ನಿನ್ನೆ ಮಧ್ಯಾಹ್ನ ರೇಡಿಯೋ ಬ್ಯಾಂಡ್ ಯಾಕೆ ಸತ್ತುಹೋಯಿತು" ಎಂಬ ಪ್ರಶ್ನೆಗೆ ಎರಡು ಬೆರಳಾಟದಲ್ಲಿ ಉತ್ತರ ಸಿಗುತ್ತದೆ. ಕೊರತೆ ಎಂದರೆ ಮೊದಲ ಪರದೆಯ ತುಂಬ ಧ್ರುವಪ್ರಭೆಯ ಸುದ್ದಿ. ಅದನ್ನು ದಾಟಿ ಕೆಳಗೆ ಹೋಗಬೇಕು.

ಸ್ಪೇಸ್‌ವೆದರ್ ಡಾಟ್ ಕಾಮ್ ಓದಲಿಕ್ಕೆ ಚಂದ. ದಿನಕ್ಕೊಂದು ಸಣ್ಣ ಟಿಪ್ಪಣಿ, ಒಂದು ಫೋಟೋ, ಇವತ್ತಿನ ಸೂರ್ಯಕಲೆಗಳ (ಸೂರ್ಯನ ಮೇಲಿನ ಕಪ್ಪು ಮಚ್ಚೆಗಳ) ನಂಬರು. ಕುತೂಹಲಕ್ಕೆ ಇದು ಸಾಕು. ಶಾಲೆಯ ಬೋರ್ಡಿನಲ್ಲಿ ದಿನದ ಸುದ್ದಿ ಬರೆಯುವ ಮಾಸ್ತರಿಗೂ ಸಾಕು. ಕೆಲಸಕ್ಕೆ ಸಾಕಾಗದು. ಈ ಗಳಿಗೆಯಲ್ಲಿ ಏನಾಗುತ್ತಿದೆ ಎನ್ನುವುದಕ್ಕೆ ಅದು ಮಾಡಿದ್ದಲ್ಲ.

ಕೆಪಿಯೋ ಡಿಎಸ್‌ಟಿಯೋ?

ಎಲ್ಲ ಆ್ಯಪ್‌ಗಳ ಹಣೆಯ ಮೇಲಿರುವ ಅಂಕಿ ಕೆಪಿ. ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂದು ಹೇಳುವ ಅಳತೆ ಅದು. ಸೊನ್ನೆಯಿಂದ ಒಂಬತ್ತು. ಐದಾದರೆ ಜಿ1, ಒಂಬತ್ತಾದರೆ ಜಿ5. ಮೂರು ಗಂಟೆಗೊಂದು ಅಂಕಿ. ಅಧಿಕೃತ ಕೆಪಿ ಲೆಕ್ಕ ಹಾಕುವುದು ಜರ್ಮನಿಯ ಪೋಟ್ಸ್‌ಡಾಮಿನಲ್ಲಿರುವ ಜಿಎಫ್‌ಝಡ್. ಆ್ಯಪ್‌ಗಳಲ್ಲಿ ಕಾಣುವುದು ಸಾಮಾನ್ಯವಾಗಿ ಅಮೆರಿಕದವರ ತ್ವರಿತ ಅಂದಾಜು. ಎರಡರ ನಡುವೆ ಒಮ್ಮೊಮ್ಮೆ ಸ್ವಲ್ಪ ವ್ಯತ್ಯಾಸ ಕಂಡರೆ ತಲೆಕೆಡಿಸಿಕೊಳ್ಳಬೇಡಿ.

ಕೆಪಿಯನ್ನು ತೆಗೆಯುವುದು 13 ಕೇಂದ್ರಗಳ ಅಳತೆಯಿಂದ. ಅವು ಹೆಚ್ಚಿನವು ಯುರೋಪು, ಉತ್ತರ ಅಮೆರಿಕದ ಅಕ್ಷಾಂಶಗಳಲ್ಲಿವೆ. ಅಲ್ಲಿನ ಆಕಾಶದಲ್ಲಿ ಹರಿಯುವ ವಿದ್ಯುತ್ತಿನ ಗಲಾಟೆಯನ್ನು ಅದು ಹಿಡಿಯುತ್ತದೆ. ನಾವಿರುವುದು 13 ಡಿಗ್ರಿ ಉತ್ತರದಲ್ಲಿ. ಕಾಂತ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ, ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಅಂದರೆ ಕಾಂತ ಲೆಕ್ಕದಲ್ಲಿ ಮಂಗಳೂರು ಸಮಭಾಜಕಕ್ಕೆ ಅಂಟಿಕೊಂಡ ಊರು.

ಇಲ್ಲಿಗೆ ಹೊಂದುವುದು ಡಿಎಸ್‌ಟಿ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಇದನ್ನು ಗಂಟೆಗೊಮ್ಮೆ ಕೊಡುತ್ತಾರೆ. ಜಪಾನಿನ ಕಾಕಿಯೋಕ, ಹವಾಯಿಯ ಹೊನೊಲುಲು, ಪೋರ್ಟೊರಿಕೋದ ಸಾನ್ ಹುವಾನ್, ದಕ್ಷಿಣ ಆಫ್ರಿಕಾದ ಹರ್ಮಾನಸ್, ಈ ನಾಲ್ಕು ಕಡೆಯ ಅಳತೆಯಿಂದ ಅದನ್ನು ಲೆಕ್ಕ ಮಾಡುತ್ತಾರೆ. ಬಿರುಗಾಳಿಯಲ್ಲಿ ಭೂಮಿಯ ಸುತ್ತ ಉಂಗುರದಂತೆ ಹರಿಯುವ ವಿದ್ಯುತ್ತು ಬಲವಾದಾಗ ಸಮಭಾಜಕದ ಹತ್ತಿರ ಭೂಮಿಯ ಕಾಂತಕ್ಷೇತ್ರ ತುಸು ಕುಗ್ಗುತ್ತದೆ. ಡಿಎಸ್‌ಟಿ ಅಳೆಯುವುದು ಆ ಕುಗ್ಗುವಿಕೆಯನ್ನು. ಮೈನಸ್ 50 ನ್ಯಾನೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ದಾಟಿದರೆ ಮಧ್ಯಮ ಬಿರುಗಾಳಿ. ಮೈನಸ್ 100 ದಾಟಿದರೆ ಜೋರು. 2024ರ ಮೇ 11ರ ಬೆಳಿಗ್ಗೆ ಅದು ಮೈನಸ್ 400ಕ್ಕಿಂತ ಕೆಳಗೆ ಹೋಗಿತ್ತು. 1989ರ ಮಾರ್ಚಿನಲ್ಲಿ ಮೈನಸ್ 589. ಕೆನಡಾದ ಕ್ವಿಬೆಕ್ ಪ್ರಾಂತ್ಯ ಒಂಬತ್ತು ಗಂಟೆ ಕತ್ತಲಲ್ಲಿ ಕೂತದ್ದು ಆಗಲೇ.

ಕೆಪಿ ಒಂಬತ್ತಕ್ಕೆ ನಿಂತುಬಿಡುತ್ತದೆ, ಅದರಾಚೆ ಅಂಕಿಯೇ ಇಲ್ಲ. ಡಿಎಸ್‌ಟಿಗೆ ಅಂಥ ತಳ ಇಲ್ಲ. ದೊಡ್ಡ ಬಿರುಗಾಳಿ ಎಷ್ಟು ದೊಡ್ಡದು ಎಂದು ತಿಳಿಯಲು ಇದೇ ಬೇಕು. ಕ್ಯೋಟೋದ ಪುಟ ಹಳೆಯ ಕಾಲದ್ದರಂತೆ ಇದೆ, ಆ್ಯಪ್ ಇಲ್ಲ. ಬುಕ್‌ಮಾರ್ಕ್ ಮಾಡಿಡಿ, ಸಾಕು.

ನಮ್ಮ ದೇಶದವು

ಆದಿತ್ಯ-ಎಲ್1ರ ಬಗ್ಗೆ ನಮಗೆಲ್ಲ ಅಭಿಮಾನ ಉಂಟು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟು 2024ರ ಜನವರಿ 6ರಂದು ಸೂರ್ಯನ ದಿಕ್ಕಿನಲ್ಲಿರುವ ಎಲ್1 ಬಿಂದುವಿನ ಸುತ್ತಲಿನ ಕಕ್ಷೆ ಸೇರಿತು. ಏಳು ಉಪಕರಣಗಳು. ಸೂರ್ಯನ ಹೊರಪ್ರಭೆಯನ್ನು ನೋಡುವ ವೆಲ್ಕ್ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದು. ಜ್ವಾಲೆಯ ಎಕ್ಸ್-ಕಿರಣ ಅಳೆಯುವ ಸೋಲೆಕ್ಸ್, ಹೀಲಿಯೋಸ್ ಎರಡೂ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವು. ಯು.ಆರ್. ರಾವ್ ನಮ್ಮ ಉಡುಪಿಯ ಅದಮಾರಿನವರು ಎನ್ನುವುದನ್ನು ಇಲ್ಲಿ ಸೇರಿಸದಿದ್ದರೆ ಊರವರು ಬಿಡುವುದಿಲ್ಲ.

ಅಭಿಮಾನ ಬೇರೆ, ಉಪಯೋಗ ಬೇರೆ. ಆದಿತ್ಯದ ಮಾಹಿತಿ ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡವರಿಗೆ ಸಿಗುತ್ತದೆ. ಅದು ಸಂಶೋಧನೆಯ ಕಚ್ಚಾ ಕಡತ. ಬಿಡಿಸಿ ನೋಡಲು ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರಬೇಕು. ಈಗ ಜ್ವಾಲೆ ಎದ್ದಿದೆಯೋ ಎಂದು ಮೊಬೈಲಿನಲ್ಲಿ ಇಣುಕುವವರಿಗೆ ಅದು ಆಗದು. ಮಣಿಪಾಲದಲ್ಲೋ ಸುರತ್ಕಲ್ಲಿನಲ್ಲೋ ಎಂಜಿನಿಯರಿಂಗ್ ಓದುತ್ತಾ ಪ್ರಾಜೆಕ್ಟ್ ಹುಡುಕುವ ಮಕ್ಕಳಿಗೆ ಮಾತ್ರ ನಾನು ಮೊದಲು ಹೇಳುವುದು ಇದನ್ನೇ. ಗೋಸ್ ಮಾಹಿತಿಯ ಮೇಲೆ ಲೋಕದಲ್ಲೆಲ್ಲ ಜನ ಕೆಲಸ ಮಾಡಿ ಸವೆಸಿದ್ದಾರೆ. ಸೋಲೆಕ್ಸ್ ಮೇಲೆ ಕೆಲಸ ಇನ್ನೂ ಬೇಕಾದಷ್ಟು ಬಾಕಿ.

ಕೋಲ್ಕತ್ತಾದ ಐಸರ್‌ನಲ್ಲಿರುವ ಸೆಸ್ಸಿ ಕೇಂದ್ರ ಜ್ವಾಲೆ ಏಳುವ ಸಾಧ್ಯತೆ ಇರುವ ಸೂರ್ಯಕಲೆಗಳನ್ನು ಗುರುತಿಸಿ ಮುನ್ಸೂಚನೆ ಕೊಡುತ್ತದೆ. ಅಮೆರಿಕದವರ ಅಂದಾಜಿನ ಜೊತೆ ಇಟ್ಟು ನೋಡಲು ಒಳ್ಳೆಯದು. ಇಬ್ಬರೂ ಒಂದೇ ಕಲೆಯತ್ತ ಬೆರಳು ಮಾಡಿದರೆ ಆ ವಾರ ಸ್ವಲ್ಪ ಗಮನ ಇಡಬಹುದು.

ಮುಂಬೈ ಬಳಿಯ ಭಾರತೀಯ ಭೂಕಾಂತ ಸಂಸ್ಥೆಯದ್ದು ಬೇರೆಯೇ ಕತೆ. ಅದರ ಬೇರು ಇರುವುದು 1841ರಲ್ಲಿ ಕಾಂತ ಅಳತೆ ಶುರುಮಾಡಿದ ಕೊಲಾಬಾ ವೀಕ್ಷಣಾಲಯದಲ್ಲಿ. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಬರುತ್ತದೆ, ಸೂಜಿ ಅಲುಗಾಡುತ್ತದೆ ಎಂದು 1904ರಲ್ಲಿ ಕಾಂತ ಅಳತೆಯನ್ನು ಅಲಿಬಾಗಿಗೆ ಸಾಗಿಸಿದರು. 1859ರ ಸೆಪ್ಟೆಂಬರಿನ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಕೊಲಾಬಾದ ಉಪಕರಣ ಸುಮಾರು 1,600 ನ್ಯಾನೊಟೆಸ್ಲಾ ಇಳಿತ ಬರೆದಿಟ್ಟಿದೆ. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಲೆಕ್ಕ ಹಾಕುವವರು ಇವತ್ತಿಗೂ ಆ ದಾಖಲೆಗೇ ಬರುತ್ತಾರೆ. ದಿನನಿತ್ಯದ ಸೂಚನೆಗೆ ಈ ಸಂಸ್ಥೆಯ ಪುಟ ಬೇಕಾಗದು. ಒಂದು ಬಿರುಗಾಳಿ ಮುಗಿದ ಮೇಲೆ ಭಾರತದ ನೆಲದಲ್ಲಿ ಏನಾಯಿತು ಎಂದು ತಿಳಿಯಬೇಕಾದರೆ ಅಲಿಬಾಗಿನ ಗ್ರಾಫ್‌ಗಿಂತ ಒಳ್ಳೆಯದಿಲ್ಲ.

ಡ್ರೋನ್ ಹಾರಿಸುವವರು, ಸರ್ವೆ ಮಾಡುವವರು

ಇವರಿಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಯಾಕೆಂದರೆ ಜಾಸ್ತಿ ದಾರಿ ತಪ್ಪಿರುವುದು ಇವರೇ. ಮದುವೆ, ಕಂಬಳ, ಬ್ರಹ್ಮಕಲಶ ಶೂಟ್ ಮಾಡುವ ಹುಡುಗರ ಮೊಬೈಲಿನಲ್ಲಿ ಯುಎವಿ ಫೋರ್‌ಕಾಸ್ಟ್ ಥರದ ಆ್ಯಪ್ ಇರುತ್ತದೆ. ಗಾಳಿ, ಮಳೆಯ ಜೊತೆ ಕೆಪಿ ಅಂಕಿಯನ್ನೂ ತೋರಿಸುತ್ತದೆ. ಕೆಪಿ ಎರಡು, ಹಸಿರು, ಹಾರಿಸಬಹುದು ಎನ್ನುತ್ತದೆ. ಗಾಳಿಯ ಲೆಕ್ಕಕ್ಕೆ ಆ ಆ್ಯಪ್ ಚೆನ್ನಾಗಿಯೇ ಇದೆ. ಕೆಪಿಯ ಲೆಕ್ಕ ನಮ್ಮೂರಿಗೆ ಪೂರ್ತಿ ಹೊಂದುವುದಿಲ್ಲ.

ಕಾರಣ ನಮ್ಮ ತಲೆಯ ಮೇಲಿನ ಅಯಾನುಗೋಳ, ಅಂದರೆ ಬಿಸಿಲಿನಿಂದ ವಿದ್ಯುದಂಶ ಪಡೆದ ವಾಯುಮಂಡಲದ ಮೇಲ್ಪದರ. ಹಗಲಿಡೀ ಬಿಸಿಲು ತಿಂದ ಪದರ ಸೂರ್ಯ ಮುಳುಗಿದ ಮೇಲೆ ಒಮ್ಮೆಲೇ ಮೇಲಕ್ಕೇರಿ ಹರಿದು ಚಿಂದಿಯಾಗುತ್ತದೆ. ಅದರಲ್ಲಿ ಪ್ಲಾಸ್ಮಾ ಗುಳ್ಳೆಗಳು ಏಳುತ್ತವೆ. ಜಿಪಿಎಸ್ ಸಿಗ್ನಲ್ ಅದರ ಮೂಲಕ ಬರುವಾಗ ಮಿಣಮಿಣ ಎನ್ನುತ್ತದೆ. ಇದು ಕಾಂತ ಸಮಭಾಜಕದ ಎರಡೂ ಬದಿಯ ಊರುಗಳ ಪಾಡು. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಜಾಸ್ತಿ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಜಾಸ್ತಿ. ಸಂಜೆ ಏಳೂವರೆಯಿಂದ ನಡುರಾತ್ರಿಯವರೆಗೆ ಇದರ ಆಟ. ಇದಕ್ಕೆ ಬಿರುಗಾಳಿ ಬೇಕಿಲ್ಲ. ಕೆಪಿ ಒಂದು ಇರುವ ಶಾಂತ ದಿನವೂ ಬರುತ್ತದೆ. ಕೆಲವು ಬಿರುಗಾಳಿಗಳಂತೂ ಇದನ್ನು ಅಡಗಿಸಿಬಿಡುತ್ತವೆ.

ಇದರ ಜೊತೆ ಸಿಗ್ನಲ್ ತಡವಾಗುವ ತೊಂದರೆಯೂ ಉಂಟು. ಅಯಾನುಗೋಳದ ದಪ್ಪವನ್ನು ಟಿಇಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಯುನಿಟ್ ಟಿಇಸಿಗೆ ಸಾದಾ ಜಿಪಿಎಸ್‌ನಲ್ಲಿ ದೂರದ ಲೆಕ್ಕ 16 ಸೆಂಟಿಮೀಟರ್ ತಪ್ಪುತ್ತದೆ. ಟಿಇಸಿ 100 ಇದ್ದರೆ 16 ಮೀಟರ್. ಎಲ್1 (ಇದು ಆದಿತ್ಯದ ಎಲ್1 ಬಿಂದು ಅಲ್ಲ) ಮತ್ತು ಎಲ್5 ಎಂಬ ಜಿಪಿಎಸ್‌ನ ಎರಡೂ ತರಂಗ ಹಿಡಿಯುವ ರಿಸೀವರ್ ಆದರೆ ಎರಡರ ವ್ಯತ್ಯಾಸ ನೋಡಿ ಇದನ್ನು ಹೆಚ್ಚುಕಡಿಮೆ ಕಳೆದುಹಾಕುತ್ತದೆ. ವಿಮಾನಗಳಿಗೆಂದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ವ್ಯವಸ್ಥೆ ನಮ್ಮ ಈ ತಂಟೆಕೋರ ಅಯಾನುಗೋಳವನ್ನು ಲೆಕ್ಕಕ್ಕೆ ಹಿಡಿದೇ ತಿದ್ದುಪಡಿ ಕೊಡುತ್ತದೆ.

ಹಾಗಾದರೆ ಆಯ್ಕೆ ಯಾವುದು? ಕೆಪಿ ಆ್ಯಪ್‌ಗಿಂತ ಜಿಪಿಎಸ್ ಟೆಸ್ಟ್ ಎನ್ನುವ ಉಚಿತ ಆ್ಯಪ್ ವಾಸಿ. ಒಂದೊಂದು ಉಪಗ್ರಹದ ಸಿಗ್ನಲ್ ಬಲವನ್ನೂ ತೋರಿಸುತ್ತದೆ. ನಿಮ್ಮ ಫೋನಿಗೆ ಎಲ್5 ಸಿಗುತ್ತದೋ ಎಂದೂ ಗೊತ್ತಾಗುತ್ತದೆ. ಮಾರ್ಚಿನ ಒಂದು ಸಂಜೆ ಎಂಟು ಗಂಟೆಗೆ ತಾರಸಿ ಮೇಲೆ ಫೋನನ್ನು ಅಲುಗಾಡಿಸದೆ ಇಟ್ಟು ನೋಡಿ. ಆಕಾಶದ ಒಂದು ದಿಕ್ಕಿನ ನಾಲ್ಕೈದು ಉಪಗ್ರಹಗಳ ಅಂಕಿ 40ರಿಂದ 30ರ ಕೆಳಗೆ ಬಿದ್ದು ಮತ್ತೆ ಏಳುವುದು, ಉಳಿದವು ತಣ್ಣಗೆ ಇರುವುದು ಕಂಡರೆ ಗುಳ್ಳೆ ಆ ದಿಕ್ಕಿನಲ್ಲಿ ಹಾದುಹೋಗುತ್ತಿರಬಹುದು. ಎಲ್ಲವೂ ಒಟ್ಟಿಗೆ ಬಿದ್ದರೆ ಅದು ತೆಂಗಿನ ಮರವೋ ಪಕ್ಕದ ಕಟ್ಟಡವೋ, ಸೂರ್ಯನನ್ನು ಬೈಯಬೇಡಿ.

ಆರ್‌ಟಿಕೆ (ಸೆಂಟಿಮೀಟರ್ ಲೆಕ್ಕದ ಜಿಪಿಎಸ್) ಇಟ್ಟು ಗಡಿ ಅಳೆಯುವ ಸರ್ವೆಯವರಿಗೆ ಒಂದೇ ಮಾತು. ಆ ತಿಂಗಳುಗಳಲ್ಲಿ ಸಂಜೆ ಏಳರ ಮೊದಲು ಕೆಲಸ ಮುಗಿಸಿ. ಫಿಕ್ಸ್ ಸಿಗುತ್ತಿಲ್ಲ ಎಂದು ರಾತ್ರಿ ಒಂಬತ್ತಕ್ಕೆ ಬೇಸ್ ಸ್ಟೇಷನ್ ಬಿಚ್ಚಿ ಜೋಡಿಸುವುದರಿಂದ ಏನೂ ಸಿಗದು.

ಮಲ್ಪೆಯ ಬೋಟಿನವರೂ ಕೇಳುವುದುಂಟು. ನಡುಸಮುದ್ರದಲ್ಲಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೆ ಬಲೆಗೆ ಏನೂ ಆಗುವುದಿಲ್ಲ. ಬೋಟುಗಳ ವಿಎಚ್‌ಎಫ್ ಸೆಟ್ಟಿಗೆ ಸೌರ ಜ್ವಾಲೆಯ ಬ್ಲ್ಯಾಕೌಟ್ ತಟ್ಟುವುದಿಲ್ಲ. ರಾತ್ರಿ ಅಳಿವೆ ಬಾಗಿಲಲ್ಲಿ ಒಳಗೆ ಬರುವಾಗ ಮಾತ್ರ ಸ್ಕ್ರೀನಿನ ಗೆರೆಯನ್ನೇ ನಂಬಬಾರದು, ದೀಪ ನೋಡಿಯೇ ಬರಬೇಕು. ಅದನ್ನು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇನ್‌ಕಾಯ್ಸ್‌ನ ಅಲೆ ಎಚ್ಚರಿಕೆ ಇರುವಾಗ ಅವರಿಗೆ ಬೇರೆ ಆ್ಯಪ್ ಬೇಡ.

ಹ್ಯಾಮ್‌ಗಳಿಗೆ

ಹವ್ಯಾಸಕ್ಕೆ ರೇಡಿಯೋ ನಡೆಸುವ ಇವರಿಗೆ ಎಕ್ಸ್-ಕಿರಣ ಗ್ರಾಫೇ ಮೊದಲು. ಜ್ವಾಲೆಯ ಎಕ್ಸ್-ಕಿರಣ ಅಯಾನುಗೋಳದ ಕೆಳಗಿನ ಡಿ ಪದರವನ್ನು ಉಬ್ಬಿಸುತ್ತದೆ. ಅದು ಶಾರ್ಟ್‌ವೇವನ್ನು ಹೀರಿಕೊಳ್ಳುತ್ತದೆ. 7 ಮೆಗಾಹರ್ಟ್ಸ್ ಮೊದಲು ಸಾಯುತ್ತದೆ, 14 ಆಮೇಲೆ, 28 ಕೊನೆಗೆ. ಚೇತರಿಸಿಕೊಳ್ಳುವುದು ಹಿಮ್ಮುಖವಾಗಿ. ಸೂರ್ಯ ನೆತ್ತಿಗೆ ಹತ್ತಿರ ಇದ್ದಷ್ಟೂ ಪೆಟ್ಟು ಜೋರು. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವಿನ ಆಚೀಚೆ ನಮ್ಮಲ್ಲಿ ಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದಲ್ಲ, ಆ ದಿನಗಳಲ್ಲಿ ಹನ್ನೆರಡೂವರೆಗೆ ಬಂದ ಎಂ5 ಕೂಡ ಗೊತ್ತಾಗುತ್ತದೆ.

ಅದೇ ಕಾರಣಕ್ಕೆ ಬರಿಯ ವರ್ಗ ನೋಡಿ ಹೆದರಬೇಕಾಗಿಲ್ಲ. 2024ರ ಮೇ 14ರ ಎಕ್ಸ್8.7 ಜ್ವಾಲೆ ನಮಗೆ ರಾತ್ರಿ 10:21ಕ್ಕೆ ಬಂತು. ಇಲ್ಲಿನ ಡಿ ಪದರಕ್ಕೆ ಅದು ಗೊತ್ತೇ ಇಲ್ಲ. 2024ರ ಅಕ್ಟೋಬರ್ 3ರ ಎಕ್ಸ್9.0 ಬಂದದ್ದು ಸಂಜೆ 5:48ಕ್ಕೆ. ಮಲ್ಪೆಯಲ್ಲಿ ಸೂರ್ಯ ಮುಳುಗಲು ಅರ್ಧ ಗಂಟೆ ಬಾಕಿ. ಪೂರ್ತಿ ಪೆಟ್ಟು ತಿಂದದ್ದು ಪಶ್ಚಿಮ ಆಫ್ರಿಕಾದ ಕಡೆ. 2025ರ ನವೆಂಬರ್ 11ರ ಎಕ್ಸ್5.1 ಬಂದದ್ದು ನಮ್ಮ ಮಧ್ಯಾಹ್ನ ಮೂರೂವರೆಗೆ. ಅಂಕಿಯಲ್ಲಿ ಚಿಕ್ಕದು, ನಮಗೆ ದೊಡ್ಡದು.

ಗ್ರಾಫ್ ಬಿಟ್ಟು ರೇಡಿಯೋದಲ್ಲೇ ಪರೀಕ್ಷಿಸುವುದಾದರೆ 14.100 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ. ಲೋಕದ 18 ಕಡೆಗಳ ಬೀಕನ್‌ಗಳು (ಗುರುತಿನ ಸಿಗ್ನಲ್ ಕಳಿಸುವ ಕೇಂದ್ರಗಳು) ಅಲ್ಲಿ ಸರದಿಯಲ್ಲಿ ಹತ್ತತ್ತು ಸೆಕೆಂಡ್ ಕೂಗುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು. ಒಂದು ಸುತ್ತಿನಲ್ಲಿ ಕೇಳಿದ್ದು ಮುಂದಿನ ಸುತ್ತಿನಲ್ಲಿ ಒಂದೂ ಇಲ್ಲ ಎಂದಾದರೆ ಆಂಟೆನಾದ ಕೇಬಲ್ ಅಲ್ಲಾಡಿಸುವ ಮೊದಲು ಡಿ-ರಾಪ್ ನೋಡಿ. ಇಲ್ಲಿ ಒಂದು ಕಹಿ ಸತ್ಯ: ಜ್ವಾಲೆಗೆ ಮುನ್ನೆಚ್ಚರಿಕೆ ಎಂಬುದೇ ಇಲ್ಲ. ಬ್ಲ್ಯಾಕೌಟೂ ಅದರ ಸುದ್ದಿಯೂ ಒಂದೇ ಬೆಳಕಿನಲ್ಲಿ ಬರುತ್ತವೆ. ಸಿಗುವುದು "ಇವತ್ತು ಎಕ್ಸ್ ವರ್ಗದ್ದು ಬರುವ ಸಾಧ್ಯತೆ ಶೇಕಡಾ ಇಷ್ಟು" ಎಂಬ ಅಂದಾಜು ಮಾತ್ರ.

ಮನೆಯಲ್ಲೇ ಅಳೆಯುವುದಾದರೆ

ದುಡ್ಡಿಗೆ ತಕ್ಕ ಕುಶಿ ಸಿಗುವುದು ಅತಿ ಕಡಿಮೆ ಆವರ್ತನದ ತರಂಗ ಹಿಡಿಯುವ ವಿಎಲ್‌ಎಫ್ ರಿಸೀವರಿನಿಂದ. ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿದ ಲೂಪ್ ಆಂಟೆನಾ, ಸಣ್ಣ ಆಂಪ್ಲಿಫೈಯರ್, ಒಂದು ಸೌಂಡ್ ಕಾರ್ಡ್. 48 ಕಿಲೋಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡಿದರೆ 24 ಕಿಲೋಹರ್ಟ್ಸ್ ವರೆಗೆ ಕೇಳಬಹುದು. ತಿರುನೆಲ್ವೇಲಿ ಬಳಿಯ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರ 18.2ರಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದ ವಾಯವ್ಯ ತುದಿಯ ಕೇಂದ್ರ 19.8ರಲ್ಲಿ, ಐದು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದಿಂದ. ಜಲಾಂತರ್ಗಾಮಿಗಳ ಜೊತೆ ಮಾತಾಡುವ ಟ್ರಾನ್ಸ್‌ಮಿಟರ್‌ಗಳು ಇವು. ಏನು ಹೇಳುತ್ತವೆ ಎಂದು ನಮಗೆ ತಿಳಿಯದು, ಬೇಕಾಗಿಯೂ ಇಲ್ಲ. ಸಿಗ್ನಲ್ ಬಲದ ಗೆರೆ ಸಾಕು. ಬೆಳಗಾದಾಗ ಒಂದು ಮಡಿಕೆ, ಕತ್ತಲಾದಾಗ ಒಂದು ಮಡಿಕೆ ಕಾಣುತ್ತದೆ. ನಡುವೆ ಹಗಲಿನಲ್ಲಿ ಗೆರೆ ಥಟ್ಟನೆ ಜಿಗಿದು ನಿಧಾನವಾಗಿ ಇಳಿದರೆ ಅದು ಜ್ವಾಲೆ. ಅದೇ ನಿಮಿಷದ ಗೋಸ್ ಗ್ರಾಫ್ ಪಕ್ಕದಲ್ಲಿಟ್ಟರೆ ಎರಡೂ ತಾಳೆಯಾಗುತ್ತವೆ. ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ಹೊಳೆಯುವುದಿಲ್ಲ. ಮನೆಯ ಎಲ್ಇಡಿ ಬಲ್ಬು, ಇನ್ವರ್ಟರ್‌ಗಳಿಂದ ಆಂಟೆನಾ ದೂರ ಇರಲಿ. ಸಿಡಿಲಿನ ಸದ್ದು ಮಳೆಗಾಲದ ಮುಂಚಿನ ಮೇ ತಿಂಗಳಲ್ಲಿ ಜಾಸ್ತಿ.

ದೂರದರ್ಶಕಕ್ಕೆ ಮುಂದಿನಿಂದ ಹಾಕುವ ಬಿಳಿಬೆಳಕಿನ ಸೌರ ಫಿಲ್ಟರ್ ಕೊಂಡರೆ ಸೂರ್ಯಕಲೆ ಚೆನ್ನಾಗಿ ಕಾಣುತ್ತದೆ, ಜ್ವಾಲೆ ಕಾಣುವುದು ಬಲು ಅಪರೂಪ. ಜ್ವಾಲೆಗೆ ಹೈಡ್ರೋಜನ್-ಆಲ್ಫಾ ದೂರದರ್ಶಕ ಬೇಕು, ಅದು ದುಬಾರಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಮ್ಮ ಮೋಡದಲ್ಲಿ ಎರಡೂ ಪೆಟ್ಟಿಗೆಯಲ್ಲೇ. ಸ್ವಂತಕ್ಕೆ ಕೊಳ್ಳುವ ಮೊದಲು ಉಡುಪಿಯ ಪೂರ್ಣಪ್ರಜ್ಞ ಹವ್ಯಾಸಿ ಖಗೋಳ ಸಂಘದವರ ಹತ್ತಿರವೋ ಪಿಲಿಕುಳದ ವಿಜ್ಞಾನ ಕೇಂದ್ರದಲ್ಲೋ ಒಮ್ಮೆ ವಿಚಾರಿಸಿ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ತಂದ ಕನ್ನಡಕ ಕಪಾಟಿನಲ್ಲಿ ಇನ್ನೂ ಇದ್ದರೆ ಗೀರು, ತೂತು ಇಲ್ಲವೆಂದು ನೋಡಿ. 2024ರ ಮೇ ತಿಂಗಳ 3664ನೇ ನಂಬರಿನ ಸೂರ್ಯಕಲೆಯಂಥ ದೊಡ್ಡದು ಬಂದರೆ ಆ ಕನ್ನಡಕದಲ್ಲೇ ಕಾಣುತ್ತದೆ. ಭೂಮಿಯ ಹದಿನೈದು ಪಟ್ಟು ಅಗಲ ಇತ್ತು ಅದು.

ಫೋನಿನ ಮ್ಯಾಗ್ನೆಟೋಮೀಟರ್ ಆ್ಯಪ್ ಮಾತ್ರ ಬೇಡವೇ ಬೇಡ. ಇಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಸಾವಿರ ನ್ಯಾನೊಟೆಸ್ಲಾ. ಭಾರೀ ಬಿರುಗಾಳಿಗೂ ಅದು ಅಲುಗುವುದು ಕೆಲವು ನೂರು. ಗೇಟಿನ ಹೊರಗೆ ರಿಕ್ಷಾ ನಿಂತರೂ ನಿಮ್ಮ ಫೋನಿನ ಅಂಕಿ ಅದಕ್ಕಿಂತ ಜಾಸ್ತಿ ಕುಣಿಯುತ್ತದೆ.

ಮುನ್ಸೂಚನೆಯನ್ನು ಎಷ್ಟು ನಂಬುವುದು

ಸಿಎಂಇ ಯಾವಾಗ ಬರುತ್ತದೆ ಎಂಬ ಲೆಕ್ಕ ಹತ್ತು ಹನ್ನೆರಡು ಗಂಟೆ ಆಚೀಚೆ ಆಗುವುದು ಮಾಮೂಲು. ಬಲದ ಲೆಕ್ಕ ಇನ್ನೂ ಕಷ್ಟ. ಬರುವ ಮುದ್ದೆಯೊಳಗಿನ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದ್ದರೆ ದೊಡ್ಡ ಸಿಎಂಇ ಕೂಡ ಠುಸ್. ದಕ್ಷಿಣಕ್ಕೆ ತಿರುಗಿದ್ದರೆ ಬಿರುಗಾಳಿ. ಇದನ್ನು ಬಿಝಡ್ ಎನ್ನುತ್ತಾರೆ. ಅದು ಗೊತ್ತಾಗುವುದು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಉಪಗ್ರಹಗಳನ್ನು ದಾಟುವಾಗ. ಅಲ್ಲಿಂದ ಭೂಮಿಗೆ ಹದಿನೈದು ನಿಮಿಷದಿಂದ ಒಂದು ಗಂಟೆ. ಅಷ್ಟೇ ಸಮಯ. 2024ರ ಮೇ ಬಿರುಗಾಳಿಗೆ ಎಸ್‌ಡಬ್ಲ್ಯೂಪಿಸಿ ಕೊಟ್ಟದ್ದು ಜಿ4 ವಾಚ್. 2005ರ ನಂತರ ಅಷ್ಟು ದೊಡ್ಡ ವಾಚ್ ಕೊಟ್ಟದ್ದು ಅದೇ ಮೊದಲು. ಬಂದದ್ದು ಜಿ5. ಹಾಗಾಗಿ ಮೂರು ದಿನದ ಮುನ್ಸೂಚನೆಯನ್ನು ತಯಾರಿಗೆ ಇಟ್ಟುಕೊಳ್ಳಿ. ನಿರ್ಧಾರಕ್ಕೆ ಬಿಝಡ್ ಗ್ರಾಫ್ ನೋಡಿ. ಅದರಲ್ಲಿ ಮೈನಸ್ ಅಂದರೆ ದಕ್ಷಿಣ. ಮೈನಸ್ ಹತ್ತು ನ್ಯಾನೊಟೆಸ್ಲಾಕ್ಕಿಂತ ಕೆಳಗೆ ಗಂಟೆಗಟ್ಟಲೆ ನಿಂತರೆ ಏನೋ ಆಗುತ್ತಿದೆ ಎಂದೇ ಅರ್ಥ. 27 ದಿನದ ಮುನ್ನೋಟವೂ ಸೋಮವಾರಗಳಂದು ಬರುತ್ತದೆ. ಸೂರ್ಯ ಒಂದು ಸುತ್ತು ತಿರುಗಿ ಅದೇ ಮುಖ ತೋರಿಸಲು ಸುಮಾರು 27 ದಿನ ಬೇಕು ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ದಿನ ಗುರುತು ಹಾಕಿಕೊಳ್ಳಲು ಸಾಕು, ಅದರಾಚೆ ನಂಬಬೇಡಿ.

"ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣ, ಮೊಬೈಲ್ ಸ್ವಿಚ್ ಆಫ್ ಮಾಡಿ" ಎಂಬ ವಾಟ್ಸ್ಆ್ಯಪ್ ಸಂದೇಶ ವರ್ಷಕ್ಕೊಮ್ಮೆಯಾದರೂ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಕಳಿಸುವವರು ದೊಡ್ಡಪ್ಪನೋ ಅತ್ತೆಯೋ ಆಗಿರುತ್ತಾರೆ, ಬೈಯುವಂತಿಲ್ಲ. ಎಸ್‌ಡಬ್ಲ್ಯೂಪಿಸಿಯ ಮೊದಲ ಪುಟದಲ್ಲಿ ಆರ್, ಎಸ್ (ಸೌರ ವಿಕಿರಣದ ಬಿರುಗಾಳಿ), ಜಿ ಎಂಬ ಮೂರು ಚೌಕ ಇರುತ್ತವೆ. ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ಮೂರೂ ಹಸಿರಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಆ್ಯಪ್ ಹಾಕಿದ ಮೇಲೆ ಸೆಟ್ಟಿಂಗ್ ಬದಲಿಸಲು ಮರೆಯಬೇಡಿ. ಕಂಪನಿಯಿಂದ ಬಂದ ಹಾಗೇ ಬಿಟ್ಟರೆ ಸೂರ್ಯ ಚುರುಕಾಗಿರುವ ವಾರ ಫೋನು ಕಿರುಚುತ್ತಲೇ ಇರುತ್ತದೆ, ನಾಲ್ಕೇ ದಿನದಲ್ಲಿ ನೀವು ಆ್ಯಪ್ ತೆಗೆದುಹಾಕುತ್ತೀರಿ. ಜ್ವಾಲೆಗೆ ಎಂ5 ಮತ್ತು ಮೇಲೆ ಇಡಿ. ಬಿರುಗಾಳಿಗೆ ಜಿ3 ಮತ್ತು ಮೇಲೆ. ಸಂಜೆ ಆರೂವರೆಯಿಂದ ಬೆಳಿಗ್ಗೆ ಆರೂವರೆಯವರೆಗೆ ಜ್ವಾಲೆಯ ಸದ್ದು ಬಂದ್. ಆ ಹೊತ್ತಿನ ಜ್ವಾಲೆ ನಮ್ಮದಲ್ಲ, ಅದು ತಂದ ಸಿಎಂಇ ಇದ್ದರೆ ಬೆಳಗಿನ ಆರರದ್ದೋ ಸಂಜೆ ಆರರದ್ದೋ ಮುನ್ಸೂಚನೆಯಲ್ಲಿ ಹೇಗೂ ಬರುತ್ತದೆ.